ಜೀಪಿನ ಪಾಠಾಂತರಗಳು

ಹಳೆಯ ಗ್ರಂಥವೊಂದು ಕೈಗೆ ಬಂದಾಗ ಕನ್ನಡ ಎಂ.ಎ. ಓದಿದವನು ಮೊದಲು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಮೂಲವೆಷ್ಟು, ಪ್ರಕ್ಷಿಪ್ತವೆಷ್ಟು? ಓಲೆಗರಿ ಒಂದು ಕಾಲದ್ದು, ಲಿಪಿಕಾರ ಇನ್ನೊಂದು ಕಾಲದವನು, ನಡುವೆ ಸೇರಿಕೊಂಡ ಪದ್ಯಗಳು ಯಾರವೋ. ಈ ವಿದ್ಯೆ ತರಗತಿಯ ಹೊರಗೆ ಎಲ್ಲಿಯಾದರೂ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಹಳೆಯ ಜೀಪೊಂದನ್ನು ಕೊಳ್ಳಲು ಹೊರಟಾಗ ಬಂತು. ನಮ್ಮ ಕಡೆ ಮಾರಾಟಕ್ಕಿರುವ ಹಳೆಯ ಜೀಪು ಒಬ್ಬನೇ ಕವಿಯ ಕೃತಿಯಲ್ಲ. ಚಾಸಿ ಒಂದು ವರ್ಷದ್ದು, ಮೈ ಇನ್ನೊಂದು ಊರಿನದು, ಎಂಜಿನ್ನಂತೂ ಬೇರೆಯೇ ಕುಲದ್ದು. ಇಷ್ಟೆಲ್ಲ ಸೇರಿಯೂ ಅದು ಓಡುತ್ತದೆ. ಅನೇಕ ಕಾವ್ಯಗಳೂ ಹಾಗೆಯೇ ಓಡಿ ಬಂದಿವೆಯಷ್ಟೆ.

ಅಧ್ಯಾಪಕನಿಗೆ ಜೀಪು ಏಕೆಂದು ಓದುಗರು ಕೇಳಬಹುದು. ಕುಂದಾಪುರದ ಬಾಡಿಗೆ ಮನೆಯಿಂದ ಕಾಲೇಜಿಗೆ ಹೋಗಿಬರಲು ಸ್ಕೂಟರು ಧಾರಾಳವಾಯಿತು. ಆದರೆ ನಮ್ಮ ಮೂಲದ ಮನೆ ಇರುವುದು ಕೊಲ್ಲೂರಿನ ದಾರಿಯಲ್ಲಿ, ಜಡ್ಕಲ್ಲಿನಿಂದ ಒಳಗೆ, ಘಟ್ಟದ ಬುಡದಲ್ಲಿ. ಡಾಮರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ತೋಡು. ಜನರಿಗೆ ಕಾಲುಸಂಕ, ಗಾಡಿಗೆ ನೀರೇ ದಾರಿ. ದಾಟಿದೊಡನೆ ಮುರಕಲ್ಲಿನ ಕಡಿದಾದ ಏರು. ಅಲ್ಲಿ ಎಪ್ಪತ್ತೆಂಟು ದಾಟಿದ ಅಮ್ಮ, ನಾಲ್ಕು ಸಾಲು ಅಡಿಕೆ, ಒಂದು ದನ. ಪೇಟೆಗೆ ಬಾ ಎಂದರೆ ಅಮ್ಮ ಬರುವವರಲ್ಲ. ಎರಡು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ ಅವರಿಗೆ ಉಬ್ಬಸ ಜೋರಾಯಿತು. 108ರ ಗಾಡಿ ಡಾಮರು ರಸ್ತೆಯ ತನಕ ಬಂದು ನಿಂತಿತು. ಅದಕ್ಕಿಂತ ಮುಂದೆ ಬರುವ ದಾರಿ ಅದಕ್ಕಿರಲಿಲ್ಲ. ನೆರೆಮನೆಯ ನಾಲ್ವರು ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಮಳೆಯಲ್ಲಿ ಆ ಸಂಕ ದಾಟಿಸಿ, ಒಂದೂವರೆ ಕಿಲೋಮೀಟರು ಹೊತ್ತರು. ಆಸ್ಪತ್ರೆಯಿಂದ ಮರಳಿದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: "ಗಾಡಿ ಯಾವ್ದಾರೂ ಅಡ್ಡಿಲ್ಲ ಮಗಾ, ಕುರ್ಚಿ ಮೇಲೆ ಹೊತ್ಕಂಡ್ ಹ್ವಾಪ್ದ್ ಮಾತ್ರ ಇನ್ನ್ ಬ್ಯಾಡ."

ಕೈಯಲ್ಲಿ ನಾಲ್ಕು ಲಕ್ಷ ರೂಪಾಯಿ ಇತ್ತು. ಹೊಸ ಥಾರ್ ನನ್ನ ಗಂಟಿಗೆ ಮೀರಿದ್ದು. ಆದ್ದರಿಂದ ಹಳೆಯದನ್ನೇ ಹುಡುಕಬೇಕು. ಹಳೆಯದನ್ನು ಹುಡುಕುವುದೆಂದರೆ ಎಂಜಿನ್ ಹುಡುಕುವುದು. ಮೈಯ ತುಕ್ಕಿಗೆ ತಗಡಿದೆ, ಬಣ್ಣವಿದೆ. ಎಂಜಿನ್ ಮಾತ್ರ ಬೇರೆ ಲೆಕ್ಕ.

ರಾಷ್ಟ್ರೀಯ ಹೆದ್ದಾರಿ 66 ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ನನ್ನ ಹುಡುಕಾಟವೂ ಅದೇ ದಾರ ಹಿಡಿದು ಬಡಗಕ್ಕೆ ನಡೆಯಿತು. ಜತೆಗೆ ಕುಂದಾಪುರದ ಗ್ಯಾರೇಜಿನ ಮೇಸ್ತ್ರಿಯೊಬ್ಬರು. ಅವರಿಗೆ ನನ್ನಷ್ಟೇ ವಯಸ್ಸು, ನನಗಿಂತ ಹೆಚ್ಚು ವಿದ್ಯೆ.

ಬ್ರಹ್ಮಾವರದಲ್ಲಿ ಕಂಡದ್ದು ಹಳೆಯ ಪೆಟ್ರೋಲ್ ಜೀಪು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು; ಇದು ಆ ವಂಶದ್ದು. 2199 ಸಿ.ಸಿ.ಯ 'ಹರಿಕೇನ್' ಎಂಜಿನ್. ಹೆಸರು ಬಿರುಗಾಳಿಯದಾದರೂ ದನಿ ಹೊಲಿಗೆ ಯಂತ್ರದ್ದು. ಮಾಲೀಕರು ಅದನ್ನು ಒರೆಸಿಟ್ಟುಕೊಂಡ ಪರಿ ನೋಡಿದರೆ ಕೊಳ್ಳುವವನಿಗೇ ಸಂಕೋಚವಾಗಬೇಕು. ಆದರೆ ಪೆಟ್ರೋಲ್ ಎಂಜಿನ್ನಿನ ಬದುಕು ಕಿಡಿಯ ಮೇಲೆ ನಿಂತಿದೆ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿಗೆ ತೋಡಿನ ನೀರು ಹಾರಿದರೆ ಗಾಡಿ ನೀರಿನ ನಡುವೆಯೇ ಮೌನವ್ರತ ಹಿಡಿಯುತ್ತದೆ. ಇಂಧನ ಕುಡಿಯುವುದರಲ್ಲೂ ಅದು ರಾಜಮನೆತನದ್ದು.

ಕುಂದಾಪುರದಲ್ಲಿ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಈ ಗಾಡಿಗೆ 1996ರಲ್ಲಿ 1298 ಸಿ.ಸಿ.ಯ ಎಂಜಿನ್ ಕೂತಿತು. ಒಂದು ಟನ್ನಿನ ಸುಮಾರು ತೂಕ. ಕೆಸರಿನಲ್ಲಿ ಹಗುರಾದವನೇ ಜಾಣ. ಸೈನ್ಯದವರಿಗೂ ರ‍್ಯಾಲಿ ಓಡಿಸುವವರಿಗೂ ಅದು ಅಚ್ಚುಮೆಚ್ಚು. ಆದರೆ ಅದರ ಬಲ ಇರುವುದು ಚುರುಕಾಗಿ ತಿರುಗುವುದರಲ್ಲಿ. ಏರಿನಲ್ಲಿ ಕಾಲೊತ್ತಿ ಕೂಗಿಸಿದರೇ ಅದಕ್ಕೆ ಉತ್ಸಾಹ. ಮೇಸ್ತ್ರಿ ನನ್ನನ್ನು ಕೇಳಿದರು: "ಮಾಷ್ಟ್ರೆ, ನಿಮ್ಗ್ ಓಡುದ್ ಬೇಕಾ, ಹತ್ತುದ್ ಬೇಕಾ?"

ಇಡೀ ವ್ಯವಹಾರದ ಸೂತ್ರವಾಕ್ಯ ಅದು. ಹೊಗೆಯಿಲ್ಲದೆ, ಸದ್ದಿಲ್ಲದೆ, ಹೆದ್ದಾರಿಯಲ್ಲಿ ನೂರರಲ್ಲಿ ಓಡುವುದು ಒಂದು ಗುಣ. ಮೂರು ಜನರನ್ನೂ ಎರಡು ಚೀಲ ಹಿಂಡಿಯನ್ನೂ ಹೊತ್ತು, ಜಾರುವ ಮುರಕಲ್ಲಿನ ಮೇಲೆ, ನಡೆಯುವವನ ವೇಗದಲ್ಲಿ, ನಿಲ್ಲದೆ ಏರುವುದು ಬೇರೊಂದು ಗುಣ. ಜೀಪಿನ ಎರಡನೆಯ ಗೇರು ಕಡ್ಡಿಯನ್ನು 'ಲೋ'ಗೆ ಎಳೆದರೆ ಎಂಜಿನ್ನಿನ ಎಳೆತ ಸುಮಾರು ಎರಡೂವರೆ ಪಾಲು ಹೆಚ್ಚಿ ನಾಲ್ಕು ಚಕ್ರಕ್ಕೂ ಹಂಚಿಹೋಗುತ್ತದೆ. ಆಗ ಬೇಕಾದದ್ದು ನಿಧಾನವಾಗಿ ತಿರುಗುತ್ತಲೇ ಬಲ ಕೊಡುವ ಎಂಜಿನ್. ಅದು ಡೀಸೆಲಿನ ಸ್ವಭಾವ.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, 1897ರಲ್ಲಿ ಚೆನ್ನಾಗಿ ಓಡುವ ಯಂತ್ರವನ್ನು ತೋರಿಸಿದನು. ಅದರಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟಕ್ಕೆ ಹಿಂಡಿದರೆ ಅದು ತಾನೇ ಕಾಯುತ್ತದೆ. ಆ ಕಾವಿಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಯಂತ್ರವೊಂದನ್ನು ನೆಲಗಡಲೆ ಎಣ್ಣೆಯಿಂದಲೂ ಓಡಿಸಿದ್ದರು. ಕಿಡಿಯಿಲ್ಲದವನಿಗೆ ಕಿಡಿ ಒದ್ದೆಯಾಗುವ ಭಯವಿಲ್ಲ. ಗಾಳಿ ಸೇದುವ ಬಾಯಿಗೆ ಮಾತ್ರ ನೀರು ಹೋಗಕೂಡದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಒಳಗಿನ ಉಕ್ಕೇ ಬಾಗುತ್ತದೆ. ತೋಡು ಉಕ್ಕಿ ಹರಿಯುವ ದಿನ ಯಾವ ಎಂಜಿನ್ನಿನವನೂ ಇಳಿಯಬಾರದು.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ ನೋಡುತ್ತ ಬೈಂದೂರಿಗೆ ಹೋದೆವು. ಅಲ್ಲಿ ಎರಡು ಡೀಸೆಲ್ ಜೀಪುಗಳಿದ್ದವು. ಮೇಸ್ತ್ರಿ ಮಾರುವವರಿಗೆ ನಮಸ್ಕಾರ ಹೇಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ನನ್ನ ಕಿವಿಯಲ್ಲಿ, "ಬಿಸಿ ಇದ್ರೆ ನಾವ್ ಬಪ್ಪುಕ್ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿರ್ ಅಂದೇಳಿ ಲೆಕ್ಕ" ಎಂದರು. ತಣ್ಣಗಿದ್ದ ಎಂಜಿನ್ ಎಷ್ಟು ಸುಲಭವಾಗಿ ಏಳುತ್ತದೆಂಬುದೇ ಮೊದಲ ಪರೀಕ್ಷೆ. ಅನಂತರ ಹೊಗೆಯ ಬಣ್ಣ: ನೀಲಿಯಾದರೆ ಒಳಗೆ ಆಯಿಲು ಉರಿಯುತ್ತಿದೆ, ಕಪ್ಪಾದರೆ ಡೀಸೆಲು ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಉರಿಯದ ಡೀಸೆಲೋ, ಒಳಸೇರಿದ ನೀರೋ ಕಾರಣ. ಓಡುತ್ತಿರುವಾಗ ಆಯಿಲು ತುಂಬುವ ಮುಚ್ಚಳ ತೆಗೆದರೆ ಮೇಲುಸಿರು ಎಷ್ಟೆಂದು ಕಾಣುತ್ತದೆ. ಅಮ್ಮನ ಎದೆಗೆ ಡಾಕ್ಟರು ಕಿವಿಗೊಟ್ಟದ್ದು ನೆನಪಾಯಿತು.

ಮೊದಲನೆಯದರಲ್ಲಿ ಫ್ರಾನ್ಸಿನ ಪ್ಯೂಜೋ ಮೂಲದ 2112 ಸಿ.ಸಿ. ಎಂಜಿನ್. ನಯವಾದ ದನಿ, ಬೆಳಗ್ಗೆ ಹೀಟರು ಕಾಯಿಸಿ ಏಳಿಸಬೇಕಾದ ನಾಜೂಕು. ಎರಡನೆಯದರಲ್ಲಿ ಮಹೀಂದ್ರದ 2523 ಸಿ.ಸಿ.ಯ ಡಿ.ಐ.; ಅದರ ವಂಶಮೂಲ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನದು. ನಡುಗು ಹೆಚ್ಚು, ಸದ್ದು ಹೆಚ್ಚು, ನಾಜೂಕಿನ ಸೋಂಕೂ ಇಲ್ಲ. ನನ್ನ ಮನಸ್ಸು ಫ್ರೆಂಚ್ ಸಾಹಿತ್ಯದ ಕಡೆಗೆ ವಾಲಿತು. ಆದರೆ ಆರ್.ಸಿ. ತೆರೆದು ನೋಡಿದರೆ ಅದರಲ್ಲಿದ್ದ ಎಂಜಿನ್ ನಂಬರಿಗೂ ಕಬ್ಬಿಣದ ಮೇಲೆ ಕೊರೆದ ನಂಬರಿಗೂ ಹೊಂದಿಕೆಯಿಲ್ಲ. ಟ್ರ್ಯಾಕ್ಟರ್ ಕುಲದ್ದೂ ಅನಂತರ ಕೂರಿಸಿದ ಎಂಜಿನ್ನೇ. ಆದರೆ ಬದಲಾವಣೆಗೆ ಆರ್.ಟಿ.ಓ. ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಬರೆಸಿದ್ದರು. 1988ರ ಮೋಟಾರು ವಾಹನ ಕಾಯಿದೆ ಕೇಳುವುದೂ ಅಷ್ಟನ್ನೇ. ಪ್ರಕ್ಷಿಪ್ತವಿರುವುದು ದೋಷವಲ್ಲ, ಪ್ರಕ್ಷಿಪ್ತವನ್ನು ಮೂಲವೆಂದು ಮಾರುವುದು ದೋಷ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದವನು ಈ ಭೇದವನ್ನು ಮರೆಯುವಂತಿಲ್ಲ.

ಕಾಲೇಜಿನ ತರುಣ ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. "ಸ್ವಲ್ಪ ಸಾಲ ಮಾಡಿ 2010ರ ನಂತರದ ಹಳೆಯ ಥಾರ್ ತಕೊಳ್ಳಿ ಸರ್. ಅದರಲ್ಲೂ ಡಿ.ಐ. ಬೇಡ, ಸಿ.ಆರ್.ಡಿ.ಇ. ಅದಕ್ಕೆ 63 ಕುದುರೆ, ಇದಕ್ಕೆ 105" ಎಂದರು. ಲೆಕ್ಕ ಸರಿಯೇ. ಆದರೆ ಆ 105 ಕುದುರೆಗಳ ಲಗಾಮು ಒಂದು ಗಣಕಯಂತ್ರದ ಕೈಯಲ್ಲಿದೆ. ಅದು ಮುನಿದರೆ ಕಾರಣ ಕೇಳಲು ಇನ್ನೊಂದು ಗಣಕಯಂತ್ರ ಬೇಕು. ನಮ್ಮ ತೋಡಿನ ಬದಿಗೆ ಅದನ್ನು ಯಾರು ತರುತ್ತಾರೆ? ಮೇಸ್ತ್ರಿ ಡಿ.ಐ. ಎಂಜಿನ್ನಿನ ಬೆನ್ನು ತಟ್ಟಿ ಹೇಳಿದ್ದರು: "ಇದ್ ಹಾಳಾರೆ ಗಂಗೊಳ್ಳಿ ಬೋಟಿನ್ ಮೆಕ್ಯಾನಿಕ್ಕೂ ಬಿಚ್ಚಿ ಕಟ್ಟುಕ್ ಆತ್ತ್." ಅಡಿಕೆ ಹೊರುವ ಪಿಕಪ್ಪು, ಗದ್ದೆಯ ಟ್ರ್ಯಾಕ್ಟರು, ಕಡಲಿನ ಬೋಟು, ಇವೆಲ್ಲ ಸೇರಿ ನಮ್ಮ ಕರಾವಳಿಯ ಕೈಗಳಿಗೆ ಡೀಸೆಲಿನ ವ್ಯಾಕರಣ ಕಲಿಸಿವೆ. ಎಂಜಿನ್ ಆರಿಸುವುದೆಂದರೆ ಕೊನೆಗೆ ಅದನ್ನು ರಿಪೇರಿ ಮಾಡುವ ಕೈಗಳನ್ನು ಆರಿಸುವುದು. ಕುದುರೆಗಳ ಸಂಖ್ಯೆ ಕಾಗದದ ಮೇಲಿದೆ. ರಾತ್ರಿ ಎರಡು ಗಂಟೆಗೆ ಫೋನು ಎತ್ತುವ ಮನುಷ್ಯ ಊರಿನಲ್ಲಿರಬೇಕು.

ಟ್ರ್ಯಾಕ್ಟರ್ ಕುಲದ್ದನ್ನೇ ತಂದೆ. ಮೂರು ಲಕ್ಷ ಎಂಬತ್ತು ಸಾವಿರ. ಒಂದು ಮಳೆಗಾಲ ಕಳೆದಿದೆ. ಶ್ರಾವಣದಲ್ಲಿ ಅಮ್ಮನಿಗೆ ಮತ್ತೊಮ್ಮೆ ಉಬ್ಬಸ ಎದ್ದಿತು. ಅಂದು ತೋಡಿನಲ್ಲಿ ಮೊಣಕಾಲುದ್ದ ನೀರು. 'ಲೋ'ಗೆ ಹಾಕಿ ಇಳಿದೆ, ದಾಟಿದೆ, ಅಂಗಳದಿಂದಲೇ ಅವರನ್ನು ಕೂರಿಸಿಕೊಂಡು ಬಂದೆ. ಆ ರಾತ್ರಿ ಯಾರ ಹೆಗಲೂ ನೋಯಲಿಲ್ಲ.

ಕುಂದಾಪುರದ ನಮ್ಮ ಬೀದಿಯವರಿಗೆ ಜೀಪಿನ ಸದ್ದು ಕಿರಿಕಿರಿ. ಅದು ನ್ಯಾಯವಾದ ದೂರು. ಅಮ್ಮನಿಗೆ ಮಾತ್ರ ಅದೇ ಅದರ ದೊಡ್ಡ ಗುಣ. ಸಂಕದ ಆಚೆ ಇರುವಾಗಲೇ ಕೇಳಿಸುತ್ತದಂತೆ. ಅಕ್ಕಿ ತೊಳೆದು ಒಲೆಯ ಮೇಲಿಡಲು ಹೊತ್ತು ಸಿಗುತ್ತದಂತೆ.