ನಮ್ಮ ಚಿಕ್ಕಮಾವ

ನಮ್ಮ ಚಿಕ್ಕಮಾವ ತೀರಿಕೊಂಡು ಬರುವ ಯುಗಾದಿಗೆ ಎರಡು ವರ್ಷ ತುಂಬುತ್ತದೆ. ಆಗ ಆತನಿಗೆ 24 ವಯಸ್ಸು. ಹೊಸೂರಿನ ಬೈಕ್ ರಿಪೇರಿ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. "1980ರಲ್ಲಿ ಟಿವಿಎಸ್ 50 ಮೊಪೆಡ್ ತಯಾರಾದದ್ದು ನಮ್ಮೂರಿನಲ್ಲೇ. ಹೊಸೂರಿನವನಿಗೆ ಗಾಡಿಯ ಹುಚ್ಚು ಇಲ್ಲದಿದ್ದರೆ ಹೇಗೆ?" ಎಂದು ನಗುತ್ತಿದ್ದ. ಆ ಹುಚ್ಚಿನ ಹೆಸರು ಡ್ರ್ಯಾಗ್ ರೇಸ್.

ಅದೇನೆಂದು ನಾವು ಅಕ್ಕ-ತಮ್ಮ ಕೇಳಿದಾಗ, ಅಜ್ಜಿಯ ರಂಗೋಲಿ ಪುಡಿಯಿಂದ ಅಂಗಳದಲ್ಲಿ ಗೆರೆ ಎಳೆದು ತೋರಿಸಿದ. ತಿರುವಿಲ್ಲದ ನೇರ ದಾರಿ. ಉದ್ದ ಕಾಲು ಮೈಲಿ, ಅಂದರೆ 402 ಮೀಟರು. ಒಂದು ಸಲಕ್ಕೆ ಇಬ್ಬರೇ ಸವಾರರು. ಕಂಬದಲ್ಲಿ ಹಳದಿ ದೀಪ ಹತ್ತಿ, ಅನಂತರ ಹಸಿರು ಬರುತ್ತದೆ. ಹಸಿರಿಗೆ ಮೊದಲೇ ಹೊರಟವನಿಗೆ ಕೆಂಪು ದೀಪ, ಅಲ್ಲಿಗೆ ಸೋಲು. "ಇದು ಅವಸರದ ಆಟವಲ್ಲ, ತಾಳ್ಮೆಯ ಆಟ" ಎನ್ನುತ್ತಿದ್ದ. ಸಂಬಳದಲ್ಲಿ ಉಳಿಸಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ರೇಸ್ ಮೈದಾನಕ್ಕೆ ಎರಡು ಸಲ ಹೋಗಿ ಓಡಿಸಿ ಬಂದ. ಬಹುಮಾನವೇನೂ ಬರಲಿಲ್ಲ. ಮೊದಲನೆಯ ಸಲ ಕೆಂಪು ದೀಪವೇ ಬಂದಿತಂತೆ! ಅದನ್ನು ಹೇಳಿ ಎಲ್ಲರಿಗಿಂತ ಹೆಚ್ಚು ನಕ್ಕವನು ಆತನೇ.

ಒಂದು ಭಾನುವಾರ ನಾವು ತಪ್ಪು ಮಾಡಿದೆವು. ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡು, ಊರಾಚೆಯ ನೇರ ರಸ್ತೆಯಲ್ಲಿ ಬೈಕನ್ನು ಜೋರಾಗಿ ಓಡಿಸಿ ತೋರಿಸೆಂದು ಮಾವನನ್ನು ಕಾಡಿದೆವು. ಆತ ಒಪ್ಪಲಿಲ್ಲ. "ಹೆದರುಪುಕ್ಕಲ!" ಎಂದುಬಿಟ್ಟೆವು. ಮಾವ ಸಿಟ್ಟಾಗಲಿಲ್ಲ. ನಮ್ಮನ್ನು ಅದೇ ರಸ್ತೆಗೆ ನಡೆಸಿಕೊಂಡು ಹೋದ.

"ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕರಷ್ಟಾಗುತ್ತದೆ. ಮೈದಾನದಲ್ಲಿ ಕೊನೆಯ ಗೆರೆಯಾಚೆ ನಿಲ್ಲುವುದಕ್ಕೆಂದೇ ಖಾಲಿ ದಾರಿ ಬಿಟ್ಟಿರುತ್ತಾರೆ. ಇಲ್ಲಿ ನೋಡಿ, ಆ ಹಸು, ಹೂವಿನ ಬುಟ್ಟಿಯ ಆ ಅಜ್ಜಿ, ಸೈಕಲ್ಲಿನ ಆ ಮಗು. ನಾವು ರೇಸ್ ಮಾಡುತ್ತೇವೆಂದು ಇವರಿಗೆ ಯಾರು ಹೇಳಿದ್ದಾರೆ?" ಎಂದ.

ಅಮೆರಿಕದಲ್ಲಿ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ಸಂಘ ಕಟ್ಟಿದ್ದು ಹುಡುಗರ ಪಂದ್ಯವನ್ನು ಬೀದಿಯಿಂದ ಮೈದಾನಕ್ಕೆ ತರಲೆಂದೇ ಎಂಬುದನ್ನೂ ತಿಳಿಸಿದ. 2008ರಲ್ಲಿ ಓಟಗಾರನೊಬ್ಬ ಸತ್ತ ಮೇಲೆ, ಅತಿ ವೇಗದ ಕಾರುಗಳ ಓಟವನ್ನು ಅಲ್ಲಿ 1000 ಅಡಿಗೆ, ಎಂದರೆ ಸುಮಾರು 305 ಮೀಟರಿಗೆ ಇಳಿಸಿದರು. "ನಿಲ್ಲಲು ಜಾಗ ಹೆಚ್ಚು ಸಿಗಲೆಂದು ಓಡುವ ದಾರಿಯನ್ನೇ ಕಡಿಮೆ ಮಾಡಿದರು, ನೋಡಿ" ಎಂದ.

ಅಂಥ ಮಾವ ಒಂದು ರಾತ್ರಿ ಅಂಗಡಿ ಮುಚ್ಚಿ, ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಾಗ ವೇಗವಾಗಿ ಬಂದ ವಾಹನವೊಂದು ಬಡಿಯಿತು. ಆತನ ಬೈಕು ಎಂಜಿನ್ ಬಿಚ್ಚಿದ ಸ್ಥಿತಿಯಲ್ಲಿ ನಮ್ಮ ಅಂಗಳದಲ್ಲೇ ಇತ್ತು.

ಆದರೂ ಮಾತನಾಡಿಸಲು ಬಂದವರಲ್ಲಿ ಹಲವರು, "ರೇಸಿನ ಹುಚ್ಚು ಹುಡುಗನನ್ನು ತಿಂದುಹಾಕಿತು" ಎಂದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕುಳಿತಿದ್ದಳು. ನಾವೂ ಬಾಯಿ ಬಿಡಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಂದು ಬರೆಯುತ್ತಿದ್ದೇವೆ: ನಮ್ಮ ಮಾವ ಸತ್ತದ್ದು ರೇಸಿನಿಂದಲ್ಲ. ಮೈದಾನದಲ್ಲಿರಬೇಕಾದ ವೇಗವನ್ನು ಇನ್ನಾರೋ ರಸ್ತೆಗೆ ತಂದದ್ದರಿಂದ.

ಮಾವನ ಹೆಲ್ಮೆಟ್ ಇಂದಿಗೂ ಅಟ್ಟದ ಮೇಲಿದೆ. ಹಬ್ಬಕ್ಕೆ ಮನೆ ಸಾರಿಸುವಾಗ ಅಜ್ಜಿ ಅದನ್ನು ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ. ನಾವು ಸೈಕಲ್ ಹತ್ತಿದರೆ ಆ ನೇರ ರಸ್ತೆಯಲ್ಲಿ ಬ್ರೇಕಿನ ಮೇಲೆ ಕೈ ತಾನಾಗಿ ಹೋಗುತ್ತದೆ. ಹೆದರುಪುಕ್ಕಲನೆಂದ ಮಾತಿಗೆ ಮಾವ ಇರುವಾಗ ಕ್ಷಮೆ ಕೇಳಲಿಲ್ಲ. ಈ ಪುಟದಲ್ಲಿ ಕೇಳುತ್ತಿದ್ದೇವೆ.