ಮಗನ ಮೊಬೈಲಿನಲ್ಲಿ ಬೀಳುವ ಚಿಂದಿ ಗೊಂಬೆ

ನಿಮ್ಮ ಮನೆಯಲ್ಲೂ ಪಿಯುಸಿ ಓದುವ ಹುಡುಗನಿದ್ದರೆ ಈ ಸದ್ದು ನಿಮಗೆ ಹೊಸದೇನಲ್ಲ. ನಾವು ಅಡಿಗೆಮನೆಯಲ್ಲಿ ಸಾರು ಕುದಿಸುತ್ತಿರುತ್ತೇವೆ. ಒಳಕೋಣೆಯಿಂದ ಢಂ ಢಮಾರ್ ಎಂದು ಗುಂಡಿನ ಸದ್ದು, ಅದರ ಹಿಂದೆಯೇ ಒಂದು ನಗು. "ಊಟಕ್ಕೆ ಬಾರೋ" ಎಂದರೆ, "ಎರಡೇ ನಿಮಿಷ ಅಮ್ಮ, ಇನ್ನು ಮೂರೇ ಜನ ಇದಾರೆ" ಎಂಬ ಉತ್ತರ. ಆ ಮೂರು ಜನ ಏನಾಗಬೇಕು ಎಂದು ಕೇಳುವ ಹಾಗಿಲ್ಲ!

ನಮ್ಮ ಹುಣಸೂರಿನ ಮನೆಯಲ್ಲಿ ಈ ವರ್ಷ ವಿಷಯ ಸದ್ದಿಗಷ್ಟೇ ನಿಲ್ಲಲಿಲ್ಲ. ಎರಡನೇ ಪಿಯುಸಿ ಮುಗಿಸುತ್ತಿರುವ ಮಗ, "ಇಂಥ ಆಟ ಮಾಡೋದನ್ನೇ ಓದ್ತೀನಿ" ಎಂದುಬಿಟ್ಟ. ಹೊಗೆಸೊಪ್ಪು ಬೆಳೆದು, ಬ್ಯಾರನ್ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಅವನನ್ನು ಓದಿಸುತ್ತಿರುವ ನಮ್ಮ ಯಜಮಾನರಿಗೆ ಸಿಟ್ಟು ಬಂತು. "ಜನರನ್ನ ಸಾಯಿಸೋ ಆಟ ಕಲಿಯೋಕೆ ನಾನು ದುಡ್ಡು ಕಟ್ಬೇಕಾ?" ಎಂದರು. ಅಪ್ಪ ಮಗನ ಮಾತು ನಿಂತು ಎಂಟು ದಿನವಾಯಿತು. ನಡುವೆ ಸಿಕ್ಕಿಕೊಂಡವಳು ನಾನು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೂಂ ಅನ್ನುವುದಕ್ಕೂ ಊಹೂಂ ಅನ್ನುವುದಕ್ಕೂ ಮೊದಲು ಅದೇನೆಂದು ತಿಳಿಯೋಣ ಎಂದುಕೊಂಡು, ಆ ಎಂಟು ಸಂಜೆಯೂ ಹೂ ಕಟ್ಟುತ್ತಾ ಅವನ ಪಕ್ಕದಲ್ಲೇ ಕೂತೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲ ದಿನ ನಾನು ಕೇಳಿದ್ದು, "ಅವನು ಬಿದ್ದರೆ ನಗೋದು ಯಾಕೋ?" ಎಂದು. "ಬಿದ್ದಿದ್ದಕ್ಕಲ್ಲಮ್ಮ, ಹೆಂಗೆ ಬಿದ್ದ ನೋಡು" ಎಂದ. ಹಳೆಯ ಆಟಗಳಲ್ಲಿ ಬೀಳುವುದನ್ನು ಮೊದಲೇ ಚಿತ್ರ ಮಾಡಿ ಇಟ್ಟಿರುತ್ತಿದ್ದರಂತೆ. ಮೆಟ್ಟಿಲ ಮೇಲೆ ಹೊಡೆದರೂ ಬಯಲಲ್ಲಿ ಹೊಡೆದರೂ ಒಂದೇ ಥರ ಬೀಳುತ್ತಿದ್ದರು. ಕೆಲವು ಸಲ ಕೈಕಾಲು ಗೋಡೆಯೊಳಗೆ ತೂರಿಕೊಂಡಿರುತ್ತಿತ್ತು. 1998ರಲ್ಲಿ ಬಂದ ಜುರಾಸಿಕ್ ಪಾರ್ಕ್ ಹೆಸರಿನ ಒಂದು ಅಮೆರಿಕನ್ ಆಟದಲ್ಲಿ, ಆಮೇಲೆ 2000ದಲ್ಲಿ ಡೆನ್ಮಾರ್ಕಿನವರು ಮಾಡಿದ 'ಹಿಟ್‌ಮ್ಯಾನ್' ಆಟದಲ್ಲಿ ಹೊಸ ದಾರಿ ಹಿಡಿದರು. ಬೀಳುವುದನ್ನು ಆ ಕ್ಷಣದಲ್ಲೇ ಲೆಕ್ಕ ಹಾಕಿ ತೋರಿಸುವುದು. ಇದಕ್ಕೆ 'ರ್‍ಯಾಗ್‌ಡಾಲ್' ಎಂದು ಹೆಸರು. ಹಾಗೆಂದರೆ ಬೇರೇನಲ್ಲ, ನಾವು ಚಿಕ್ಕವರಿದ್ದಾಗ ಹಳೇ ಸೀರೆ ತುಂಡಿನಲ್ಲಿ ಹೊಲಿದುಕೊಳ್ಳುತ್ತಿದ್ದ ಚಿಂದಿ ಗೊಂಬೆ!

ಲೆಕ್ಕ ಹೇಗೆ ಎನ್ನುತ್ತೀರಾ? ಹೂ ಕಟ್ಟುವ ಕೈಗೆ ಇದು ಬೇಗ ಅರ್ಥವಾಗುತ್ತದೆ. ಮಲ್ಲಿಗೆ ದಂಡೆಯನ್ನು ಚಾಪೆ ಮೇಲೆ ಎಸೆಯಿರಿ. ಒಂದೊಂದು ಸಲ ಒಂದೊಂದು ರೀತಿ ಬೀಳುತ್ತದೆ, ಆದರೆ ಗಂಟಿನಿಂದ ಗಂಟಿಗೆ ಇರುವ ದಾರದ ಉದ್ದ ಬದಲಾಗುವುದಿಲ್ಲ. ಗೊಂಬೆಯ ತಲೆ, ಭುಜ, ಮೊಣಕೈ, ಮಂಡಿ ಎಲ್ಲ ಇಂಥ ಗಂಟುಗಳು. ಪ್ರತಿ ಗಂಟೂ ಒಂದು ಚಣದ ಹಿಂದೆ ಎಲ್ಲಿತ್ತು, ಈಗ ಎಲ್ಲಿದೆ ಎಂದು ನೋಡಿ, ಭೂಮಿಯ ಸೆಳೆತ ಕೂಡಿಸಿ, ಮುಂದೆ ಎಲ್ಲಿರಬೇಕೆಂದು ಕಂಪ್ಯೂಟರು ಗುಣಿಸುತ್ತದೆ. ಆಮೇಲೆ ದಾರ ಹಿಗ್ಗಿದ್ದರೆ ಸರಿಪಡಿಸುತ್ತದೆ. ಸೆಕೆಂಡಿಗೆ ಹತ್ತಾರು ಸಲ ಇದೇ ಕೆಲಸ. ಮೊಣಕೈ ಹಿಂದಕ್ಕೆ ಮಡಚಬಾರದು ಎಂಬಂಥ ಕಟ್ಟಳೆಯೂ ಉಂಟು. ಅದು ತಪ್ಪಿದರೆ ಬಿದ್ದವನು ಗಾಳಿಪಟದ ಹಾಗೆ ಒದ್ದಾಡುತ್ತಾನೆ. ಹುಡುಗರ ನಗು ಅದಕ್ಕೇ. 'ಹಿಟ್‌ಮ್ಯಾನ್'ನಲ್ಲಿ ಬಳಸಿದ ಈ ಲೆಕ್ಕಕ್ಕೆ ಫ್ರಾನ್ಸಿನ ವಿಜ್ಞಾನಿ ವೆರ್ಲೆ ಅವರ ಹೆಸರಿದೆ. ಅವರು 1967ರಲ್ಲಿ ಇದನ್ನು ಬಳಸಿದ್ದು ದ್ರವದ ಕಣಗಳು ಹೇಗೆ ಚಲಿಸುತ್ತವೆಂದು ತಿಳಿಯಲು, ಕೊಲ್ಲುವ ಆಟಕ್ಕಲ್ಲ. ಭೌತಶಾಸ್ತ್ರದಲ್ಲಿ ಹಾಗೂ ಹೀಗೂ ಪಾಸಾಗುವ ನನ್ನ ಮಗ ಇದನ್ನು ಹಾಳೆಯ ಮೇಲೆ ಬರೆದು ವಿವರಿಸಿದಾಗ ನನಗೆ ಆಶ್ಚರ್ಯವಾಗದೆ ಇರಲಿಲ್ಲ.

ಇನ್ನು ಬಂದೂಕಿನ ಮಾತು. ಗಾಜಿನ ಮೇಲೆ ಬೆರಳು ಒತ್ತಿದರೆ ಅದರಲ್ಲೇನು ಖುಷಿ? ಅದಕ್ಕೂ ಕೈಚಳಕ ಉಂಟು. ಸದ್ದು, ಬೆಂಕಿಯ ಮಿಂಚು, ಬಂದೂಕಿನ ಮೂತಿ ಮೇಲಕ್ಕೆ ಎಗರುವುದು, ಕೈಯಲ್ಲಿ ಫೋನು ಗುಂಯ್ ಎನ್ನುವುದು, ಗುರಿ ತಾಗಿತೆಂದು ಒಂದು ಗುರುತು. ಇವೆಲ್ಲ ಒಂದೇ ಕ್ಷಣದಲ್ಲಿ ಕೂಡಿಬರಬೇಕು. ಒಗ್ಗರಣೆಯ ಹಾಗೇ ಅಲ್ಲವೇ? ಸಾಸಿವೆ ಸಿಡಿಯುವ ಚಟಪಟ, ಕರಿಬೇವಿನ ಚುಂಯ್, ಇಂಗಿನ ಘಮ. ಹೊಟ್ಟೆ ತುಂಬಿಸುವುದು ಸಾರೇ ಆದರೂ ಮನಸ್ಸು ತುಂಬಿಸುವುದು ಒಗ್ಗರಣೆ. ಒಂದು ತಡವಾದರೂ ರುಚಿ ಕೆಟ್ಟಿತು.

ಆದರೆ ನನ್ನ ತವರು ಪಿರಿಯಾಪಟ್ಟಣದ ಕಡೆ. ದಾಟಿದರೆ ಕೊಡಗು. ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಉಂಟು. ಆ ಸದ್ದು ಕೇಳಿದರೆ ಊರವರು ಕೆಲಸ ಬಿಟ್ಟು ಬರುತ್ತಾರೆ. ಮಗನ ಆಟದಲ್ಲಿ ಗುಂಡಿನ ಸದ್ದಿಗೆ ಬರುವವರು ಹೊಡೆಯಲಿಕ್ಕೇ ಬರುತ್ತಾರೆ. ಬಿದ್ದವನ ಜಾಗದಲ್ಲಿ ಒಂದು ಪೆಟ್ಟಿಗೆ ಉಳಿಯುತ್ತದೆ. ಅದರಲ್ಲಿರುವುದನ್ನು ಬಾಚಿಕೊಂಡು ಮುಂದೆ ಓಡುವುದು.

ನನ್ನ ಚಿಕ್ಕಪ್ಪ ತೆಂಗಿನ ಮರದಿಂದ ಬಿದ್ದು ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಬಿದ್ದದ್ದು ಒಂದು ಗಳಿಗೆ. ಚಿಕ್ಕಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ಕೂಲಿ ಮಾಡಿದ್ದು ಇಪ್ಪತ್ತು ವರ್ಷ. ಇದನ್ನು ಮಗನಿಗೆ ಹೇಳಿ, "ನಿನ್ನ ಲೆಕ್ಕದಲ್ಲಿ ಚಿಕ್ಕಮ್ಮ ಎಲ್ಲಿದ್ದಾಳಪ್ಪ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮ ಗುಂಪಿನವನು ಬಿದ್ದರೆ ಗುಂಡಿನ ಮಧ್ಯೆ ಹೋಗಿ ಎಬ್ಬಿಸ್ತೀವಮ್ಮ, ಅದನ್ನೂ ನೋಡು" ಎಂದು ತೋರಿಸಿದ. ನಿಜವೇ. ಆಟದಲ್ಲಿ ಅದೂ ಇದೆ. "ಆದ್ರೆ ಚಿಕ್ಕಮ್ಮ ಇಲ್ಲ" ಎಂದು ಅವನೇ ಒಪ್ಪಿದ.

ಸರಕಾರವೂ ಇದರ ಜೊತೆ ಗುದ್ದಾಡಿದೆ. ದೇಶದ ಭದ್ರತೆಯ ಕಾರಣ ಹೇಳಿ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ 118 ಆಪ್‌ಗಳಲ್ಲಿ ಪಬ್‌ಜಿಯೂ ಒಂದು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, ರಕ್ತಕ್ಕೆ ಹಸಿರು ಬಣ್ಣ ಬಳಿದುಕೊಂಡು! 2022ರಲ್ಲಿ ಮತ್ತೆ ತೆಗೆದರು, 2023ರಲ್ಲಿ ಮತ್ತೆ ಬಂತು. ಬಣ್ಣ ಬದಲಾದರೆ ತಾಯಂದಿರ ಚಿಂತೆ ಹೋಗುತ್ತದೆಯೇ, ನೀವೇ ಹೇಳಿ. ಹಾಗೆಂದು ಆಡಿದವರೆಲ್ಲ ಕೊಲೆಗಾರರಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಕೂಗಾಟ, ತಳ್ಳಾಟದಂಥ ಸಿಡುಕಿಗೂ ಇಂಥ ಆಟಕ್ಕೂ ಸಣ್ಣ ನಂಟು ಕಾಣುತ್ತದೆ, ನಿಜವಾದ ಹಿಂಸಾಕೃತ್ಯಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಆದರೆ ಊಟ, ನಿದ್ದೆ, ಓದು ಎಲ್ಲ ಬಿಟ್ಟು ಆಟಕ್ಕೇ ಅಂಟಿಕೊಂಡರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಮೊಬೈಲು, ಇಂಟರ್‌ನೆಟ್ಟಿನ ಗೀಳಿಗೆಂದು 'ಷಟ್' ಎಂಬ ಚಿಕಿತ್ಸಾಲಯ ತೆರೆದರು. ಅಂಥ ಸ್ಥಿತಿ ಕಂಡರೆ ಹರಕೆ ಹೊತ್ತು ಕೂರಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ನಮ್ಮ ಮನೆಯಲ್ಲಿ ಈಗ ಮಾಡಿಕೊಂಡಿರುವ ಏರ್ಪಾಡು ಇದು: ದಿನಕ್ಕೆ ಒಂದು ಗಂಟೆ ಆಟ, ರಾತ್ರಿ ಒಂಬತ್ತರ ಮೇಲೆ ಫೋನು ನಡುಮನೆಯಲ್ಲಿ. ಬ್ಯಾಂಕಿನ ಖಾತೆ ಸೇರಿಸಿದ ಫೋನಿನಲ್ಲಿ ಆಟ ಇಲ್ಲ. ಅಕ್ಕಪಕ್ಕದ ಚಿಕ್ಕಮಕ್ಕಳ ಎದುರಿಗೆ ಆಡುವಂತಿಲ್ಲ.

ಓದಿನ ವಿಷಯಕ್ಕೆ ಬಂದರೆ, ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: "ಬೀಳೋದನ್ನ ಲೆಕ್ಕ ಹಾಕೋಕೆ ಬರೋನಿಗೆ ಸೇತುವೆ ನಿಲ್ಲೋದನ್ನ, ಕಾಲು ಕಳಕೊಂಡವರು ನಡೆಯೋದನ್ನ ಲೆಕ್ಕ ಹಾಕೋಕೂ ಬರುತ್ತೆ. ಮೊದಲು ಗಣಿತ, ಭೌತಶಾಸ್ತ್ರ ಇರೋ ಡಿಗ್ರಿ ಮಾಡಲಿ; ಆಟದ ಕೆಲಸ ಅದರ ಮೇಲೆ ಕಲೀಲಿ." ಅವರು ಹೂಂ ಅನ್ನಲಿಲ್ಲ. ಆದರೆ ಮರುದಿನ ರಾತ್ರಿ ಮಗನನ್ನು ಕರೆದು, "ಅದೇನೋ ದಂಡೆ ಲೆಕ್ಕವಂತಲ್ಲ, ನನಗೂ ತೋರಿಸು" ಎಂದರು. ಡಿಗ್ರಿ ಎಲ್ಲಿ, ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಫಲಿತಾಂಶ ಬರಲಿ.

ನಿಮ್ಮ ಮನೆಯಲ್ಲೂ ಇಂಥ ಜಗಳವಿದ್ದರೆ, ಫೋನು ಕಿತ್ತು ಬೀರುವಿನಲ್ಲಿಡುವ ಮೊದಲು ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ ನೋಡಿ. ಏನು ಆಡುತ್ತಾನೆ, ಯಾರ ಜೊತೆ ಆಡುತ್ತಾನೆ, ಯಾಕೆ ನಗುತ್ತಾನೆ ಎಂಬುದಾದರೂ ತಿಳಿಯುತ್ತದೆ. ಆಮೇಲೆ ಬೈಯಬೇಕಾದರೆ ತಿಳಿದೇ ಬೈಯಬಹುದು.