ಮಿಚಿಗನ್ನಿನ ಮುದಿ ಟ್ರ್ಯಾಕ್ಟರು

ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಪಶ್ಚಿಮದಲ್ಲಿ ಹೊಂದಿಕೊಂಡಂತೆಯೇ ಇರುವ ಊರು ಡಿಯರ್‌ಬಾರ್ನ್. ಹೆನ್ರಿ ಫೋರ್ಡ್ 1863ರಲ್ಲಿ ಹುಟ್ಟಿದ್ದು ಇಲ್ಲಿಯ ಒಂದು ಹೊಲಮನೆಯಲ್ಲಿ. 1947ರಲ್ಲಿ ಕಣ್ಣು ಮುಚ್ಚಿದ್ದೂ ಈ ಊರಿನಲ್ಲಿಯೇ. ಬೇಸಾಯದ ಮೈಮುರಿತ ಬಾಲ್ಯದಲ್ಲಿಯೇ ಅವನಿಗೆ ಒಗ್ಗದಾಯಿತು. ಗಡಿಯಾರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಮಾತ್ರ ಎಲ್ಲಿಲ್ಲದ ಆಸಕ್ತಿ. ಅವನು ಕಟ್ಟಿಸಿದ ವಸ್ತುಸಂಗ್ರಹಾಲಯವನ್ನೂ, ಅಲ್ಲಿಗೆ ಸಾಗಿಸಿ ತಂದು ನಿಲ್ಲಿಸಿದ ಎಡಿಸನ್ನನ ಪ್ರಯೋಗಶಾಲೆಯನ್ನೂ ಕಂಡು ಪ್ರವಾಸಿಗರು ತೃಪ್ತರಾಗಿ ಹಿಂದಿರುಗುವುದು ವಾಡಿಕೆ.

ಇನ್ನೂ ಪಶ್ಚಿಮಕ್ಕೆ ಸಾಗಿದವನಿಗೆ ಫೋರ್ಡನ ಮತ್ತೊಂದು ಸಂಗ್ರಹಾಲಯ ಕಾಣುತ್ತದೆ. ಅದಕ್ಕೆ ಟಿಕೆಟ್ಟಿಲ್ಲ. ಮುಸುಕಿನ ಜೋಳ ಕೊಯ್ದು ಬರಿದಾದ ಹೊಲಗಳು, ಅವುಗಳ ನಡುವೆ ಕೆಂಪು ಬಣ್ಣ ಬಳಿದ ದೊಡ್ಡ ಮರದ ಕೊಟ್ಟಿಗೆಗಳು, ಅಂಥ ಕೊಟ್ಟಿಗೆಯೊಂದರ ಮೂಲೆಯಲ್ಲಿ ಬೂದು ಹೊದಿಕೆಯ, ಕೆಂಪು ಒಡಲಿನ ಪುಟ್ಟ ಟ್ರ್ಯಾಕ್ಟರು. ಇದು ಫೋರ್ಡ್ 8ಎನ್. 1947ರಿಂದ 1952ರವರೆಗೆ ಇಂಥವು ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾದವು. ಇದರ ಅಣ್ಣನಾದ 9ಎನ್ ಹುಟ್ಟಿದ್ದು 1939ರಲ್ಲಿ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬಾತ ಹಿಂದಿನ ವರ್ಷ ಡಿಯರ್‌ಬಾರ್ನಿಗೆ ಬಂದು ತನ್ನ ನೇಗಿಲಿನ ಕೊಂಡಿಯನ್ನು ತೋರಿಸಿ, ಫೋರ್ಡನೊಡನೆ ಕೈಕುಲುಕಿದ್ದರ ಫಲ. ಕಾಗದಪತ್ರವಿಲ್ಲದ ಆ ಒಪ್ಪಂದ ಮುಂದೆ ನ್ಯಾಯಾಲಯದ ಮೆಟ್ಟಿಲೇರಿ, 1952ರಲ್ಲಿ 92 ಲಕ್ಷ 50 ಸಾವಿರ ಡಾಲರುಗಳಿಗೆ ಇತ್ಯರ್ಥವಾದದ್ದು ಬೇರೆಯ ಕಥೆ.

ನವೆಂಬರ್ ತಿಂಗಳ ಒಂದು ಬೆಳಗು. ಆಕಾಶ ಬೂದಿ ಬಳಿದಂತಿದೆ. ಹಿಮ ಬೀಳತೊಡಗಿದರೆ ಮನೆಯಿಂದ ರಸ್ತೆಯವರೆಗಿನ ಉದ್ದನೆಯ ದಾರಿಯನ್ನು ಕೆರೆದು ತೆರವು ಮಾಡಬೇಕಾದದ್ದು ಈ ಟ್ರ್ಯಾಕ್ಟರೇ. ಹಾಲಿನ ಡಬ್ಬಿಯಿಂದ ಹಿಡಿದು ಡಾಕ್ಟರವರೆಗೆ ಎಲ್ಲವೂ, ಎಲ್ಲರೂ ಬರುವುದು ಆ ದಾರಿಯಲ್ಲೇ. ಮನೆಯ ಯಜಮಾನನಾದ ಮುದುಕ ಸ್ಟಾರ್ಟರಿನ ಗುಂಡಿಯನ್ನು ಒತ್ತುತ್ತಾನೆ. ಯಂತ್ರ ಗಿರಗಿರನೆ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ.

ನಮ್ಮ ಕಡೆಯ ಹೊಲಗಳಲ್ಲಿ ಗುಡುಗುವ ಟ್ರ್ಯಾಕ್ಟರುಗಳು ಡೀಸೆಲಿನವು. ಅವುಗಳಲ್ಲಿ ಗಾಳಿಯನ್ನು ಅಮುಕಿ ಕಾಯಿಸಿದ ಶಾಖಕ್ಕೇ ಎಣ್ಣೆ ಉರಿಯುತ್ತದೆ. ಪೆಟ್ರೋಲಿನ ಈ ಯಂತ್ರಕ್ಕಾದರೋ ಕಿಡಿ ಬೇಕು. ಪಾಯಿಂಟುಗಳೆಂಬ ಒಂದು ಜೊತೆ ಪುಟ್ಟ ಬಿಲ್ಲೆಗಳು ಕೂಡಿ ಅಗಲಿದಾಗಲೆಲ್ಲ ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಚಿಮ್ಮುತ್ತದೆ. ಅದನ್ನು ಸರದಿಯ ಮೇಲೆ ನಾಲ್ಕು ಸಿಲಿಂಡರುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರು. ಆ ಸರದಿಯೂ ವಿಚಿತ್ರ: ಒಂದು, ಎರಡು, ನಾಲ್ಕು, ಮೂರು. ಯಂತ್ರ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಕಿಡಿಗಳು 4,000.

ಇಷ್ಟು ಮುಖ್ಯವಾದ ವಸ್ತುವನ್ನು ಇರಿಸಿರುವ ಜಾಗವನ್ನು ನೋಡಿದರೆ ಗಡಿಯಾರ ರಿಪೇರಿ ಮಾಡುತ್ತಿದ್ದ ಫೋರ್ಡನ ಕಾರ್ಖಾನೆಯಲ್ಲಿ ಇದು ಹೇಗೆ ನಡೆಯಿತೆಂದು ಸೋಜಿಗವಾಗುತ್ತದೆ. ಯಂತ್ರದ ಮೂತಿಯಲ್ಲಿ, ರೇಡಿಯೇಟರಿನ ಹಿಂದೆ, ಫ್ಯಾನಿನ ಅಡಿಯಲ್ಲಿ ಅದು ಅವಿತಿದೆ. ಕೈ ಹೋದರೆ ಕಣ್ಣು ಹೋಗದು. 1950ರಲ್ಲಿ ಕಂಪನಿಯವರೇ ಅದನ್ನು ಯಂತ್ರದ ಪಕ್ಕಕ್ಕೆ ಸ್ಥಳಾಂತರಿಸಿದರು. ಈ ಕೊಟ್ಟಿಗೆಯದು 1948ರದು.

ಮುದುಕ ಪ್ಲಗ್ಗಿನ ತಂತಿಯೊಂದನ್ನು ಬಿಡಿಸಿ ಕಬ್ಬಿಣದ ಸಮೀಪ ಹಿಡಿಸಿ ನೋಡಿದ, ಕಿಡಿಯಿಲ್ಲ. ಇನ್ನು ಬಗ್ಗಿ ತಡಕಾಡುವುದು ವ್ಯರ್ಥ. ಕಾಯಿಲನ್ನೂ ಮುಚ್ಚಳವನ್ನೂ ತೆಗೆದು, ಎರಡು ಬೋಲ್ಟುಗಳನ್ನು ಬಿಚ್ಚಿದರೆ ಡಿಸ್ಟ್ರಿಬ್ಯೂಟರು ಇಡಿಯಾಗಿ ಕೈಗೆ ಬರುತ್ತದೆ. ಕೆಟ್ಟ ಜಾಗದಿಂದಾದ ಒಂದು ಉಪಕಾರವಿದು: ಕೆಲಸ ಚಳಿಯ ಕೊಟ್ಟಿಗೆಯಿಂದ ಅಡಿಗೆಮನೆಯ ಮೇಜಿಗೆ ಬರುತ್ತದೆ. ಹಳೆಯ ಪತ್ರಿಕೆಯನ್ನು ಹಾಸಿದ್ದಾಯಿತು. ಆದರೆ ಸಂಧಿವಾತದಿಂದ ಸೆಟೆದ ಬೆರಳುಗಳಿಗೆ ಸಣ್ಣ ತಿರುಪು ಸಿಕ್ಕದು. ಹದಿನಾಲ್ಕರ ಮೊಮ್ಮಗಳು ಸ್ಕ್ರೂಡ್ರೈವರನ್ನು ತಾನೇ ಎತ್ತಿಕೊಂಡಳು.

ಬೇಸಗೆಯ ತೇವಕ್ಕೆ ಪಾಯಿಂಟುಗಳ ಮೇಲೆ ಬೂದು ಪೊರೆ ಕಟ್ಟಿತ್ತು. ಮರಳುಕಾಗದ ಹಾಕಿದರೆ ಅದರ ಕಣಗಳೇ ಅಂಟಿ ಮತ್ತೊಂದು ರೋಗ. ಮೃದುವಾಗಿ ಅರದಿಂದ ಸವರಿ, ಶುಭ್ರವಾದ ಕಾಗದದ ಚೂರೊಂದನ್ನು ನಡುವೆ ಎಳೆದದ್ದಾಯಿತು. ಎರಡನೆಯ ದೋಷ ಕಂಡದ್ದು ಆಮೇಲೆ. ಕ್ಯಾಮಿಗೆ ಉಜ್ಜುವ ಪುಟ್ಟ ದಿಂಡು ಸವೆದು, ಪಾಯಿಂಟುಗಳ ನಡುವಣ ಸಂದು ಮುಚ್ಚಿಹೋಗುವಷ್ಟು ಕಿರಿದಾಗಿತ್ತು. ಅಲ್ಲಿರಬೇಕಾದದ್ದು ಅಂಗುಲದ ಸಾವಿರದಲ್ಲಿ 15 ಪಾಲು. ಅಷ್ಟೇ ದಪ್ಪದ ಉಕ್ಕಿನ ಅಲಗನ್ನು ತೂರಿಸಿ, ಕ್ಯಾಮಿನ ನಾಲ್ಕು ಉಬ್ಬುಗಳ ಮೇಲೂ ಅಳೆಯಬೇಕು. ಒಂದೊಂದರ ಮೇಲೂ ಒಂದೊಂದು ಅಳತೆ ಬಂದರೆ ಒಳಗಿನ ಬುಷ್ ಸವೆದು ದಂಡ ಅಲುಗುತ್ತಿದೆಯೆಂದು ಅರ್ಥ. ಆಗ ಶುಚಿಮಾಡಿ ಫಲವಿಲ್ಲ. ಹುಡುಗಿ ನಾಲ್ಕನೆಯ ಉಬ್ಬನ್ನು ಅಳೆದು ತಲೆಯಾಡಿಸುವವರೆಗೆ ಮುದುಕ ಕಾಫಿಯನ್ನು ಮುಟ್ಟಲಿಲ್ಲ.

ಕಡೆಗೊಂದು ಪರೀಕ್ಷೆ: ಬ್ಯಾಟರಿಗೆ ಕಟ್ಟಿದ ಪುಟ್ಟ ದೀಪ. ಪಾಯಿಂಟು ಕೂಡಿದಾಗ ಬೆಳಗಿತು, ಅಗಲಿದಾಗ ಆರಿತು. ಅಗಲಿದಾಗಲೂ ಬೆಳಗಿದ್ದರೆ ವಿದ್ಯುತ್ತು ಎಲ್ಲೋ ಕಬ್ಬಿಣಕ್ಕೆ ಸೋರುತ್ತಿದೆಯೆಂದೇ ತಿಳಿಯಬೇಕಿತ್ತು.

ಅಪಾಯವಿರುವುದು ಮರಳಿ ಕೂರಿಸುವಾಗ. ದಂಡದ ತುದಿಯ ನಾಲಗೆ ನಟ್ಟನಡುವೆ ಇಲ್ಲ, ತುಸು ಒಂದು ಪಕ್ಕಕ್ಕಿದೆ. ಎದುರಿನ ಗಾಡಿಗೆ ಅದು ಒಂದೇ ರೀತಿಯಲ್ಲಿ ಹೊಂದುತ್ತದೆ. ಅರ್ಧ ಸುತ್ತು ತಪ್ಪಿದರೂ ಹೊಂದಿದಂತೆಯೇ ತೋರುವುದರಿಂದ, ಅವಸರದವರು ಬೋಲ್ಟು ಬಿಗಿದು ಒಡಲನ್ನೇ ಸೀಳಿಬಿಡುತ್ತಾರೆ.

“ತಳ್ಳಬೇಡ ಮಗೂ, ತಿರುಗಿಸುತ್ತಾ ಇರು. ತಾನಾಗಿ ಕೂರಲಿ” ಎಂದ ಮುದುಕ.

ತುಸು ತಿರುಗಿಸಿದ ಮೇಲೆ ಅದು ಸದ್ದಿಲ್ಲದೆ ಒಳಸೇರಿತು. ಕಾಯಿಲು, ಮುಚ್ಚಳ, ತಂತಿಗಳು ಸ್ವಸ್ಥಾನಕ್ಕೆ ಬಂದವು. ಗುಂಡಿ ಒತ್ತಿದಾಗ ಯಂತ್ರ ಒಮ್ಮೆ ಕೆಮ್ಮಿತು, ಎರಡನೆಯ ಸಲ ನೀಲಿ ಹೊಗೆಯುಗುಳಿ ಹಿಡಿದುಕೊಂಡಿತು. ಕೊಟ್ಟಿಗೆಯ ಸೂರಿನಿಂದ ಗುಬ್ಬಿಗಳು ಎದ್ದವು.

ಸ್ವಲ್ಪ ಹೊತ್ತು ಓಡಿಸಿ ಮುದುಕ ಕೀಲಿಯನ್ನು ತಿರುಗಿಸಿ ಹೊರತೆಗೆದ. ಯಂತ್ರ ನಿಂತ ಮೇಲೆ ಕೀಲಿಯನ್ನು ಮರೆತು ಹಾಗೆಯೇ ಬಿಟ್ಟರೆ ಕಾಯಿಲು ಕಾದು ಸುಟ್ಟುಹೋಗುವುದುಂಟು; ಆದ್ದರಿಂದ ಅದು ಸದಾ ಅವನ ಜೇಬಿನಲ್ಲಿಯೇ ಇರುತ್ತಿತ್ತು. ಆ ದಿನ ಅದನ್ನು ಮೊಮ್ಮಗಳ ಕೈಯಲ್ಲಿಟ್ಟು, ಹಿಮ ಕೆರೆಯುವ ಅಲಗನ್ನು ಹುಡುಕಲು ಕೊಟ್ಟಿಗೆಯ ಹಿಂಭಾಗಕ್ಕೆ ನಡೆದ.